ಐದು ಹರಳು, ಒಂದು ಝರಿ

ಕೊಡ್ಲಿ, ಚಿಂಚೋಳಿ, ಸೇಡಂ ಕಡೆ ಬಾಣಂತಿ ಮೊದಲ ಸಲ ನೀರಿಗೆ ಹೊರಟಳೆಂದರೆ ಅಂದು ಗಂಗಿ ಪೂಜೆ. ಬಾವಿ ದಂಡೆಯಲ್ಲಿ ಐದು ಹರಳು ಆರಿಸಿ, ತೊಳೆದು, ಸಾಲಾಗಿ ಕೂರಿಸುತ್ತಾರೆ. ಸುಣ್ಣದ ಬೊಟ್ಟು, ಅರಿಶಿಣ ಕುಂಕುಮ, ಎಲೆ ಅಡಿಕೆ, ಊದಿನಕಡ್ಡಿ. ಆಮೇಲೆ ತುಂಬಿದ ಕೊಡದೊಂದಿಗೆ ಮನೆಗೆ. ಪೂಜಾರಿ ಬೇಕಿಲ್ಲ, ಮಂತ್ರ ಬೇಕಿಲ್ಲ. ಎಲ್ಲ ಹೆಂಗಸರದೇ ಕಾರುಬಾರು. ಬಾವಿಗೆ ಹೂಳು ತುಂಬಿದ ಊರುಗಳಲ್ಲಿ ಅವೇ ಹರಳು ನಳದ ಕಟ್ಟೆಗೆ ಬಂದು ಕೂತಿವೆ.

ನೀರೇ ದೇವರಾದ ದೊಡ್ಡ ಜಾಗ ನೋಡಬೇಕೆಂದರೆ ಬೀದರಕ್ಕೆ ಹೋಗಬೇಕು. ಗುರುನಾನಕರು 16ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದಾಗ ಊರಿಗೆ ಸಿಹಿನೀರಿರಲಿಲ್ಲವಂತೆ. ಅವರು ಪಾದುಕೆಯಿಂದ ಕಲ್ಲು ಸರಿಸಿದರು, ಝರಿ ಚಿಮ್ಮಿತು ಎಂಬುದು ಭಕ್ತರ ನಂಬಿಕೆ. ಗುರುನಾನಕ್ ಝೀರಾ ಗುರುದ್ವಾರದ ಅಮೃತ ಕುಂಡಕ್ಕೆ ಆ ನೀರೇ ಬರುತ್ತದೆ. ಬಂದವರು ಕುಡಿದು, ಬಾಟಲಿಯಲ್ಲಿ ತುಂಬಿಕೊಂಡು, ಲಂಗರಿನಲ್ಲಿ ಉಂಡು ಹೋಗುತ್ತಾರೆ.

ಅದೇ ಊರಿನ ಝರಣಿ ನರಸಿಂಹನ ದರ್ಶನ ಇನ್ನಷ್ಟು ಬಿಗಿ. ಸುಮಾರು 300 ಮೀಟರ್ ಉದ್ದದ ಗುಹೆ, ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿಗಳು. ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಡೆಯಬೇಕು. ನರಸಿಂಹನಿಂದ ಸತ್ತ ಜಲಾಸುರನೇ ನೀರಾಗಿ ಸ್ವಾಮಿಯ ಪಾದದಡಿ ಹರಿಯುತ್ತಾನೆ ಎನ್ನುತ್ತದೆ ಕತೆ. ಕೊಂದವನ ಕಾಲಡಿಯೇ ಆಶ್ರಯ! ನಮ್ಮ ಪುರಾಣಗಳಿಗಷ್ಟೇ ಹೊಳೆಯುವ ನ್ಯಾಯ ಇದು.

ಕತೆಯ ಕೆಳಗೆ ಕಲ್ಲಿನ ಲೆಕ್ಕವೂ ಇದೆ. ಬೀದರದ ಎತ್ತರದ ನೆಲದ ಮೇಲ್ಪದರ ಜಂಬಿಟ್ಟಿಗೆ. ಮೈತುಂಬ ತೂತಿನ ಕೆಂಪು ಕಲ್ಲು. ಮಳೆನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಅಡಿಯ ಜೇಡಿ, ಕರಿಕಲ್ಲಿಗೆ ಬಂದಾಗ ಮುಂದಕ್ಕೆ ಇಳಿಯಲಾರದೆ ಅಡ್ಡಕ್ಕೆ ಹರಿದು, ದಿಬ್ಬದ ಅಂಚಿನಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ಕೊರೆದಿದ್ದು ಈ ಗುಟ್ಟು ಹಿಡಿದೇ.

ದೂರದ ಐರ್ಲೆಂಡಿನಲ್ಲೂ ಇಂಥ ಪವಿತ್ರ ಬಾವಿಗಳು ಸುಮಾರು 3000 ಇವೆ ಎನ್ನುತ್ತಾರೆ. ಫೆಬ್ರವರಿ 1 ಸಂತ ಬ್ರಿಜಿಡ್‌ಳ ಹಬ್ಬ. ಅಂದು ಅವಳ ಬಾವಿಗಳಿಗೆ ಜನ ಬರುತ್ತಾರೆ. ಬಾವಿ ಸುತ್ತುವುದು ನಮ್ಮಂತೆಯೇ ಬಲಕ್ಕೆ. ಬೇನೆ ಬಿದ್ದವರು ಬಟ್ಟೆಯ ಚೂರೊಂದನ್ನು ಪಕ್ಕದ ಮರಕ್ಕೆ ಕಟ್ಟುತ್ತಾರೆ: ಬಟ್ಟೆ ಕೊಳೆತು ಹೋದಂತೆ ಬೇನೆಯೂ ಹೋಗಲಿ ಎಂದು. ಸಂತರ ಹೆಸರಿನ ಬಾವಿಜಾತ್ರೆಗಳಲ್ಲಿ ಕುಡಿತ, ಹೊಡೆದಾಟ ಹೆಚ್ಚಾಗಿ, ಪಾದ್ರಿಗಳೇ ಅವನ್ನು ನಿಲ್ಲಿಸಲು ನೋಡಿದ್ದುಂಟು. ಜಾತ್ರೆಗಳು ಎಷ್ಟೋ ನಿಂತವು. ಬಟ್ಟೆ ಕಟ್ಟುವವರು ಮಾತ್ರ ಈಗಲೂ ಬರುತ್ತಾರೆ; ಡೊನೆಗಾಲ್ ಸೀಮೆಯ ಡೂನ್ ಬಾವಿಯ ಪಕ್ಕದ ಗಿಡಗಳ ತುಂಬ ಬಣ್ಣಬಣ್ಣದ ಚಿಂದಿ.