ಭಾರತದ ಸ್ಕಾಟ್ಲೆಂಡ್, ದಕ್ಷಿಣದ ಚಿರಾಪುಂಜಿ, ಕರ್ನಾಟಕದ ಮ್ಯಾಂಚೆಸ್ಟರ್: ಪ್ರವಾಸೋದ್ಯಮದ ಘೋಷವಾಕ್ಯ ಕೇಳಿದ್ರೆ ಜನ ನಗೋದ್ಯಾಕೆ?

ಶಿವಮೊಗ್ಗ: ಕೊಡಗು ‘ಭಾರತದ ಸ್ಕಾಟ್ಲೆಂಡ್’. ಆಗುಂಬೆ ‘ದಕ್ಷಿಣದ ಚಿರಾಪುಂಜಿ’. ದಾವಣಗೆರೆ ‘ಕರ್ನಾಟಕದ ಮ್ಯಾಂಚೆಸ್ಟರ್’. ಗೋಕಾಕ ಜಲಪಾತ ‘ಭಾರತದ ನಯಾಗರಾ’. ಹೋಂಸ್ಟೇ ಬೋರ್ಡು, ಟೂರ್ ಪ್ಯಾಕೇಜ್ ಕರಪತ್ರ, ರೀಲ್ಸ್, ಎಲ್ಲಿ ನೋಡಿದ್ರೂ ಇವೇ ಬಿರುದುಗಳು. ಇಷ್ಟೆಲ್ಲ ಇಲ್ಲೇ ಇದ್ದ ಮೇಲೆ ಪಾಸ್‌ಪೋರ್ಟ್ ಮಾಡಿಸೋದು ಯಾಕೆ ಅಂತ ಯಾರಾದ್ರೂ ಕೇಳಿದ್ರೆ ತಪ್ಪೇನಿಲ್ಲ.

ಪ್ರವಾಸೋದ್ಯಮದ ಘೋಷವಾಕ್ಯಗಳಷ್ಟು ಸುಲಭವಾಗಿ ತಮಾಷೆಗೆ ಸಿಗೋ ಸರ್ಕಾರಿ ಸರಕು ಇನ್ನೊಂದಿಲ್ಲ. ಆದ್ರೆ ಕೆಲವನ್ನ ಮಾತ್ರ ಜನ ಆಡಿಕೊಳ್ಳೋಕೆ ಹೋಗಲ್ಲ. ಯಾಕೆ ಹೀಗೆ? ಇಲ್ಲಿದೆ ವಿವರ.

ಸಾಲ ತಂದ ಹೆಸರು

ಮೊದಲು ಸ್ಕಾಟ್ಲೆಂಡ್ ಕಥೆಯನ್ನೇ ನೋಡಿ. ಕೊಡಗಿಗೆ ಹೆಸರು ಕೊಟ್ಟ ಆ ದೇಶ ತನ್ನನ್ನ ತಾನು ಏನಂತ ಕರ್ಕೊಳ್ತು? ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ‘ಜಗತ್ತಿನ ಅತ್ಯುತ್ತಮ ಪುಟ್ಟ ದೇಶ’ ಅಂತ ಫಲಕ ಇತ್ತು. 2007ರಲ್ಲಿ ಹೊಸ ಸರ್ಕಾರ ಅದನ್ನ ತೆಗೆಸ್ತು. ಸುಮಾರು ಆರು ತಿಂಗಳು ತಲೆ ಕೆಡಿಸಿಕೊಂಡು, 1,25,000 ಪೌಂಡ್ ಖರ್ಚು ಮಾಡಿ ಹೊಸದೊಂದನ್ನ ತಂತು. ಏನದು? ‘ಸ್ಕಾಟ್ಲೆಂಡ್‌ಗೆ ಸ್ವಾಗತ’. ಅಷ್ಟೇ! ಇಷ್ಟನ್ನ ನಮ್ಮೂರಿನ ಬೋರ್ಡ್ ಬರೆಯೋರು ಮಧ್ಯಾಹ್ನದೊಳಗೆ ಬರೆದು ಕೊಡ್ತಿದ್ರು ಅಂತ ಮಲೆನಾಡಿನವರು ನಗಬಹುದು. ಅಲ್ಲಿನ ಪತ್ರಿಕೆಗಳೂ ನಕ್ಕವು.

ಚಿರಾಪುಂಜಿದು ಇನ್ನೊಂದು ತಮಾಷೆ. ಮಳೆ ಲೆಕ್ಕದಲ್ಲಿ ಚಿರಾಪುಂಜಿಯನ್ನ ಹತ್ತಿರದ ಮಾಸಿನ್‌ರಾಮ್ ಯಾವತ್ತೋ ಹಿಂದಿಕ್ಕಿದೆ. ಅಲ್ಲಿ ವರ್ಷಕ್ಕೆ ಸರಾಸರಿ 11,800 ಮಿ.ಮೀ.ಗೂ ಹೆಚ್ಚು ಮಳೆ. ಚಿರಾಪುಂಜಿಯಲ್ಲಿ ಚಳಿಗಾಲ ಬಂತಂದ್ರೆ ಕುಡಿಯೋ ನೀರಿಗೇ ಪರದಾಟ. ಅದೇ ಕಾರಣಕ್ಕೆ ‘ಒದ್ದೆ ಮರುಭೂಮಿ’ ಅನ್ನೋ ಅಡ್ಡಹೆಸರೂ ಬಿದ್ದಿದೆ. ಅಲ್ಲಿಯ ಜನ ಊರನ್ನ ಸೊಹ್ರಾ ಅಂತಲೇ ಕರೀತಾರೆ. ಅವರೇ ಬಳಸದ ಹೆಸರು ಆಗುಂಬೆಗೆ ಯಾಕೆ? ಆಗುಂಬೆಗೆ ತನ್ನದೇ ಆದ ಕಾಳಿಂಗ ಸರ್ಪ ಇದೆ, ಘಾಟಿ ಇದೆ, ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆದ ಬೀದಿ ಇದೆ. ಸೂರ್ಯಾಸ್ತವೂ ಇದೆ. ಜುಲೈನಲ್ಲಿ ಅದನ್ನ ನೋಡೋಕೆ ಬಂದು ಕೊಡೆ ಹಿಡಿದು ನಿಂತು ವಾಪಸ್ ಹೋಗೋರೂ ಇದಾರೆ, ಆ ಮಾತು ಬೇರೆ.

ದಾವಣಗೆರೆಯ ‘ಮ್ಯಾಂಚೆಸ್ಟರ್’ ಬಂದಿದ್ದು ಹತ್ತಿ ಮಿಲ್ಲುಗಳಿಂದ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, ಬಿರುದು ಮಾತ್ರ ಉಳೀತು. ಅಷ್ಟಕ್ಕೂ ಅಹಮದಾಬಾದು ಭಾರತದ ಮ್ಯಾಂಚೆಸ್ಟರ್, ಕೊಯಮತ್ತೂರು ದಕ್ಷಿಣ ಭಾರತದ ಮ್ಯಾಂಚೆಸ್ಟರ್. ಇವತ್ತು ದಾವಣಗೆರೆಗೆ ಜನ ಗಾಡಿ ನಿಲ್ಸೋದು ಬೆಣ್ಣೆ ದೋಸೆಗೆ. ಆ ಹೆಸರನ್ನ ಯಾವ ಏಜೆನ್ಸಿಯೂ ಟೆಂಡರ್ ಹಿಡಿದು ಬರೆದು ಕೊಟ್ಟಿದ್ದಲ್ಲ.

‘ದಕ್ಷಿಣ ಕಾಶಿ’ ವಿಚಾರ ಎತ್ತದೇ ಇರೋದೇ ಒಳ್ಳೇದು. ಗೋಕರ್ಣ, ನಂಜನಗೂಡು ಎರಡಕ್ಕೂ ಆ ಹೆಸರಿದೆ, ಪಕ್ಕದ ರಾಜ್ಯಗಳಲ್ಲೂ ಇದೆ.

ಅರ್ಥ ತಿರುಗಿದಾಗ

ಘೋಷವಾಕ್ಯ ಬರೆಯೋರು ಮರೆಯೋ ಮುಖ್ಯ ವಿಷಯ ಒಂದಿದೆ. ಅದನ್ನ ಪ್ರವಾಸಿಗರಿಗಿಂತ ಹೆಚ್ಚು ಸಲ ಓದೋದು ಅದೇ ಊರಿನವರು. ಊರಿನ ನಿಜ ಸ್ಥಿತಿ ಗೊತ್ತಿರೋದೂ ಅವರಿಗೇ.

ಮಧ್ಯಪ್ರದೇಶದ ಪ್ರವಾಸೋದ್ಯಮ ಇಲಾಖೆ ‘ಎಂಪಿ ಅಜಬ್ ಹೈ, ಸಬ್‌ಸೆ ಗಜಬ್ ಹೈ’ ಅಂತ ಚೆಂದದ ಜಾಹೀರಾತು ಮಾಡ್ತು. ಎಂಪಿ ವಿಚಿತ್ರ, ಎಲ್ಲಕ್ಕಿಂತ ಅದ್ಭುತ ಅಂತ ಅರ್ಥ. ಆಮೇಲೆ ಆ ರಾಜ್ಯದಲ್ಲಿ ಏನೇ ಎಡವಟ್ಟಾದ್ರೂ ಹಿಂದಿ ಪತ್ರಿಕೆಗಳಿಗೆ ತಲೆಬರಹ ರೆಡಿ: ‘ಎಂಪಿ ಅಜಬ್ ಹೈ’! ರಾಜಸ್ಥಾನದಲ್ಲಿ ತಮ್ಮದೇ ಆಡುಮಾತಿನಲ್ಲಿ ‘ನಮ್ಮ ನಾಡಿಗೆ ದಯಮಾಡಿಸಿ’ ಅನ್ನೋ ಹಳೇ ಕರೆ ಇತ್ತು. 2016ರಲ್ಲಿ ಅದನ್ನ ಬಿಟ್ಟು ‘ಜಾನೆ ಕ್ಯಾ ದಿಖ್ ಜಾಯೆ’ ಅಂದ್ರು. ಏನು ಕಾಣಿಸುತ್ತೋ ಯಾರಿಗೆ ಗೊತ್ತು ಅಂತ. ಇಂಥ ಮಾತನ್ನ ಸರ್ಕಾರವೇ ಹೇಳಿದ್ರೆ ಜನ ಬಿಡ್ತಾರಾ? ಸರ್ಕಾರ ಬದಲಾದ ಮೇಲೆ ಹಳೇ ಕರೆಯೇ ವಾಪಸ್ ಬಂತು.

ಗುಜರಾತಿನದ್ದಂತೂ ಚುನಾವಣಾ ಭಾಷಣಕ್ಕೇ ಹೋಯ್ತು. ಕಛ್‌ನ ಕಾಡುಕತ್ತೆಗಳನ್ನ ನೋಡೋಕೆ ಬನ್ನಿ ಅಂತ ಅಮಿತಾಭ್ ಬಚ್ಚನ್ ಜಾಹೀರಾತಿನಲ್ಲಿ ಕರೆದಿದ್ರು. 2017ರ ಉತ್ತರ ಪ್ರದೇಶ ಚುನಾವಣೆಯಲ್ಲಿ ಅಖಿಲೇಶ್ ಯಾದವ್, ಗುಜರಾತಿನ ಕತ್ತೆಗಳಿಗೆ ಪ್ರಚಾರ ಮಾಡೋದನ್ನ ನಿಲ್ಸಿ ಅಂತ ಬಚ್ಚನ್ ಅವರಿಗೆ ಕುಟುಕಿದ್ರು. ಕತ್ತೆ ನಿಷ್ಠೆಯಿಂದ ದುಡಿಯುತ್ತೆ, ಅದರಿಂದ ಪ್ರೇರಣೆ ಪಡೀತೀನಿ ಅಂತ ಪ್ರಧಾನಿ ಮೋದಿ ತಿರುಗೇಟು ಕೊಟ್ರು. ಕಾಡುಕತ್ತೆಗೆ ಅಷ್ಟು ಪುಕ್ಕಟೆ ಪ್ರಚಾರ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

ದೊಡ್ಡ ಹೆಸರಿನವರೂ ಇದರಿಂದ ತಪ್ಪಿಸಿಕೊಂಡಿಲ್ಲ. ನ್ಯೂಯಾರ್ಕ್ ಹಣಕಾಸಿನಲ್ಲಿ ಕುಸಿದು, ಅಪರಾಧಕ್ಕೆ ಹೆಸರಾಗಿದ್ದ ಹೊತ್ತಲ್ಲಿ, 1977ರಲ್ಲಿ, ಮಿಲ್ಟನ್ ಗ್ಲೇಸರ್ ಅನ್ನೋ ವಿನ್ಯಾಸಕಾರ ‘ಐ ಲವ್ ನ್ಯೂಯಾರ್ಕ್’ ಅನ್ನೋದನ್ನ ಕೆಂಪು ಹೃದಯದ ಗುರುತು ಹಾಕಿ ಬರೆದುಕೊಟ್ರು. ಇವತ್ತಿಗೂ ಜಗತ್ತೆಲ್ಲ ಅದರ ನಕಲು ಮಾಡ್ತಿದೆ. ನಮ್ಮ ಊರೂರ ಸರ್ಕಲ್‌ಗಳಲ್ಲಿ ಸೆಲ್ಫಿಗೆ ಅಂತ ನಿಲ್ಸಿರೋ ‘ಐ ಲವ್’ ಅಕ್ಷರಗಳ ಮೂಲವೂ ಅದೇ. 2016ರಲ್ಲಿ ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದ ಲೋಗೋ ಮಾಡಿದವರೂ ಅದೇ ಗ್ಲೇಸರ್. ಆದ್ರೆ ಅಲ್ಲಿಯ ಘೋಷವಾಕ್ಯ ‘ಕೂಲರ್ ಆ್ಯಂಡ್ ವಾರ್ಮರ್’. ತಣ್ಣಗೂ ಹೌದು, ಬೆಚ್ಚಗೂ ಹೌದು ಅಂದ್ರೆ ಏನಂತ ಯಾರಿಗೂ ಅರ್ಥ ಆಗ್ಲಿಲ್ಲ. ಸಾಲದ್ದಕ್ಕೆ ಪ್ರಚಾರದ ವಿಡಿಯೋದಲ್ಲಿ ಐಸ್‌ಲ್ಯಾಂಡ್ ದೇಶದ ಕಟ್ಟಡವೊಂದು ಸೇರಿಕೊಂಡಿತ್ತು! ಜವಾಬ್ದಾರಿ ಹೊತ್ತ ಅಧಿಕಾರಿ ರಾಜೀನಾಮೆ ಕೊಡಬೇಕಾಯ್ತು.

ಮೊದಲೇ ತಾವೇ ನಕ್ಕುಬಿಟ್ಟವರು ಜಾಣರು. ಸ್ಕಾಟ್ಲೆಂಡಿನಲ್ಲಿ ‘ಡಲ್’ ಅನ್ನೋ ಹಳ್ಳಿ ಇದೆ. ಅಮೆರಿಕದ ‘ಬೋರಿಂಗ್’ ಅನ್ನೋ ಊರಿನ ಜೊತೆ ಅದು 2012ರಲ್ಲಿ ನಂಟು ಬೆಳೆಸಿ ಊರ ಬಾಗಿಲಲ್ಲೇ ಬೋರ್ಡ್ ಹಾಕ್ತು. ಈಗ ಜನ ಆ ಬೋರ್ಡ್ ಪಕ್ಕ ಫೋಟೋ ತೆಗೆಸಿಕೊಳ್ಳೋಕೆ ಅಂತಲೇ ಹೋಗ್ತಾರೆ. ಪ್ರವಾಸಿಗರು ಆಸಕ್ತಿಯನ್ನೇ ತೋರಿಸದ ನೆಬ್ರಾಸ್ಕಾ ರಾಜ್ಯ 2018ರಲ್ಲಿ ‘ನಿಜ ಹೇಳ್ಬೇಕಂದ್ರೆ, ಇದು ಎಲ್ಲರಿಗೂ ಅಲ್ಲ’ ಅಂತ ಬರೆದುಕೊಳ್ತು.

ಜೋಗಕ್ಕೆ ಬಂದ್ರೆ

ಕರ್ನಾಟಕದ್ದು ‘ಒಂದು ರಾಜ್ಯ, ಹಲವು ಜಗತ್ತು’. ಮಾತು ಸುಳ್ಳಲ್ಲ. ಕಡಲು, ಕಾಡು, ಹಂಪಿ, ಬೀದರ್ ಕೋಟೆ ಎಲ್ಲ ಒಂದೇ ರಾಜ್ಯದಲ್ಲಿವೆ. ‘ಒಂದು ರಸ್ತೆ, ಹಲವು ಗುಂಡಿ’ ಅಂತ ತಿರುಗಿಸೋಕೂ ಕಷ್ಟ ಇಲ್ಲ. ಜೋಗದ ಗುಂಡಿ ನೋಡೋ ಮೊದಲು ರಸ್ತೆ ಗುಂಡಿ ನೋಡಿ ಅನ್ನೋ ಕುಹಕ ಮಳೆಗಾಲದಲ್ಲಿ ತಾನಾಗೇ ಬಾಯಿಗೆ ಬರುತ್ತೆ.

ಜೋಗಕ್ಕೆ ನಿಜವಾದ ಜಾಹೀರಾತು ಮಾಡಿದ್ದು ಇಲಾಖೆ ಅಲ್ಲ, ಮೂಗೂರು ಮಲ್ಲಪ್ಪ ಅವರ ಹಾಡು. 1992ರ ‘ಜೀವನ ಚೈತ್ರ’ ಸಿನಿಮಾದಲ್ಲಿ ಡಾ. ರಾಜ್‌ಕುಮಾರ್ ಹಾಡಿದ ಮೇಲೆ ಅದು ಮನೆಮನೆಗೆ ಹೋಯ್ತು. ಅದನ್ನ ಯಾರೂ ಆಡಿಕೊಳ್ಳಲ್ಲ. ಯಾಕಂದ್ರೆ ಜೋಗದ ಜಾಗದಲ್ಲಿ ಬೇರೆ ಊರಿನ ಹೆಸರು ಹಾಕಿದ್ರೆ ಹಾಡು ಕೂರೋದೇ ಇಲ್ಲ. ಇನ್ನು ಜೋಗವನ್ನ ನಯಾಗರಾಕ್ಕೆ ಹೋಲಿಸೋರಿಗೆ ಒಂದು ಲೆಕ್ಕ: ನಯಾಗರಾ ಎತ್ತರ 50 ಮೀಟರ್ ಚಿಲ್ಲರೆ, ಜೋಗ 253 ಮೀಟರ್.

ಆದ್ರೆ ಜೋಗದಲ್ಲೂ ಮಾತಿಗೂ ಕಣ್ಣಿಗೆ ಕಾಣೋದಕ್ಕೂ ಅಂತರ ಇದೆ, ಅದರ ಪೆಟ್ಟು ಬೀಳೋದು ಸ್ಥಳೀಯರಿಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದ ಮೇಲೆ ಶರಾವತಿ ನೀರು ಮೊದಲು ಹೋಗೋದು ವಿದ್ಯುತ್ತಿಗೆ. ಪೋಸ್ಟರ್‌ನಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಭೋರ್ಗರೆಯುತ್ತಿರುತ್ತವೆ. ಅದನ್ನ ನಂಬಿ ಏಪ್ರಿಲ್‌ನಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಬಂದವರಿಗೆ ಕಾಣೋದು ಬಂಡೆ, ಅದರ ಮೇಲೊಂದು ನೀರಿನ ಎಳೆ. ಸಿಟ್ಟನ್ನ ಪೋಸ್ಟರ್ ಮಾಡಿದವರ ಮೇಲೆ ತೀರಿಸಿಕೊಳ್ಳೋಕಾಗಲ್ಲ, ಆಟೋದವರು, ಹೋಟೆಲಿನವರು, ಚುರುಮುರಿ ಮಾರೋರ ಮೇಲೆ ತೀರಿಸಿಕೊಳ್ತಾರೆ. ಇನ್ನು ಅದೇ ಹಿನ್ನೀರಿನ ಆಚೆ ದಡದ ಊರುಗಳವರು ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆ ಆಗೋವರೆಗೂ ಆಸ್ಪತ್ರೆಗೂ ಸಾಗರದ ಸಂತೆಗೂ ಲಾಂಚನ್ನೇ ಕಾಯ್ತಿದ್ರು. ಪ್ರವಾಸಿಗರಿಗೆ ಲಾಂಚ್ ಅಂದ್ರೆ ರೀಲ್ಸ್. ‘ಹಲವು ಜಗತ್ತು’ ಅನ್ನೋದು ಅಲ್ಲಿ ಅಕ್ಷರಶಃ ನಿಜ ಆಗಿತ್ತು.

ಹಾಗಾಗಿ ಜೋಗಕ್ಕೆ ಬರೋರು ಪೋಸ್ಟರ್‌ಗಿಂತ ಮಳೆ ಸುದ್ದಿ ನೋಡ್ಕೊಂಡು ಬರೋದು ಒಳ್ಳೇದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ನೀರು ಚೆನ್ನಾಗಿರುತ್ತೆ. ಮಂಜು ಕವಿದಿದ್ರೆ ಮಾತ್ರ ಕಾಯಲೇಬೇಕು. ಒಂದೊಂದ್ಸಲ ಐದು ನಿಮಿಷಕ್ಕೆ ಸರಿಯುತ್ತೆ, ಒಂದೊಂದ್ಸಲ ಕತ್ತಲಾದ್ರೂ ಸರಿಯಲ್ಲ.