ಹಳೆಯ ಪುಟ್ಟ ಟ್ರ್ಯಾಕ್ಟರಿನ ಮೇಲೆ ಒಡೆಯನ ಗುರುತು

ಅಮೆರಿಕದ ಊರಾಚೆಯ ಬಡಾವಣೆಗಳಲ್ಲಿ ಮನೆಯ ಸುತ್ತಲಿನ ಎಕರೆ ಎರಡೆಕರೆ ಹುಲ್ಲನ್ನು ಕತ್ತರಿಸುವುದಕ್ಕೂ, ಚಳಿಗಾಲದಲ್ಲಿ ಬಾಗಿಲಿನಿಂದ ಬೀದಿಯವರೆಗಿನ ಹಿಮವನ್ನು ತಳ್ಳುವುದಕ್ಕೂ, ವಸಂತದಲ್ಲಿ ತರಕಾರಿ ಮಡಿಯನ್ನು ಹದಗೊಳಿಸುವುದಕ್ಕೂ ಬಳಸುವ ಸಣ್ಣ ಯಂತ್ರವನ್ನು ಗಾರ್ಡನ್ ಟ್ರ್ಯಾಕ್ಟರ್ ಎನ್ನುತ್ತಾರೆ. ಕರ್ನಾಟಕದ ಹೊಲಗಳಲ್ಲಿ ಓಡುವ ಟ್ರ್ಯಾಕ್ಟರಿನ ಶಕ್ತಿ ಸಾಮಾನ್ಯವಾಗಿ 35ರಿಂದ 50 ಅಶ್ವಶಕ್ತಿಯಷ್ಟಿದ್ದರೆ ಈ ಪುಟ್ಟ ಯಂತ್ರದ್ದು 7ರಿಂದ 14ರ ಆಸುಪಾಸಿನಲ್ಲಿರುವುದರಿಂದ, ಬಲದಲ್ಲಿ ಇದು ನಮ್ಮ ಪವರ್ ಟಿಲ್ಲರಿನ ಸರೀಕ. ರೂಪದಲ್ಲಿ ಮಾತ್ರ ದೊಡ್ಡ ಟ್ರ್ಯಾಕ್ಟರಿನ ಮರಿ. ಎರಡನೆಯ ಮಹಾಯುದ್ಧದ ಬೆನ್ನಿಗೇ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನಲ್ಲಿ ಪಾಂಡ್ ಕುಟುಂಬ ಆರಂಭಿಸಿದ ಉದ್ಯಮದಿಂದ ಕೆಂಪು ಬಣ್ಣದ ವೀಲ್ ಹಾರ್ಸ್ ಬಂದಿತು. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್, 1963ರಲ್ಲಿ ಜಾನ್ ಡೀರ್ ಕಂಪನಿಯ 110 ಎಂಬ ಮಾದರಿ ಮಾರುಕಟ್ಟೆಗೆ ಇಳಿದವು. ಇವುಗಳಲ್ಲಿ ಬಹುಪಾಲಿಗೆ ಕೋಲರ್ ಕಂಪನಿಯ ಒಂಟಿ ಸಿಲಿಂಡರಿನ, ಎರಕದ ಕಬ್ಬಿಣದ ಎಂಜಿನನ್ನು ಜೋಡಿಸಿದ್ದರಿಂದ, ಅರವತ್ತು ವರ್ಷ ದಾಟಿದ ಮೇಲೂ ಅನೇಕ ಯಂತ್ರಗಳು ದುಡಿಯುತ್ತಲೇ ಇವೆ. ಬಾನೆಟ್ಟು, ಮಡ್‌ಗಾರ್ಡು, ಸೀಟು ಎಲ್ಲವೂ ನಾಲ್ಕಾರು ಬೋಲ್ಟುಗಳಲ್ಲಿ ಕಳಚಿ ಬರುವ ಇಂತಹ ಯಂತ್ರ ಅಗ್ಗಕ್ಕೆ ಕೈಸೇರಿದಾಗ, ಅದನ್ನು ತನ್ನಿಷ್ಟದಂತೆ ತಿದ್ದಬೇಕೆಂಬ ಆಸೆ ಒಡೆಯನಲ್ಲಿ ಹುಟ್ಟುವುದು ಸಹಜ.

ಈ ಆಸೆಯನ್ನು ಕಾರ್ಖಾನೆಯೇ ಪೂರೈಸಲು ಹೊರಟ ಪ್ರಸಂಗವೊಂದಿದೆ. ಹಸಿರು ಮೈ, ಹಳದಿ ಚಕ್ರ ಎಂದರೆ ಜಾನ್ ಡೀರ್ ಎಂದು ಮಕ್ಕಳೂ ಗುರುತಿಸುತ್ತಿದ್ದ ಕಾಲದಲ್ಲಿ, 1969ರಿಂದ 1971ರವರೆಗೆ, ಆ ಕಂಪನಿ ತನ್ನ ತೋಟದ ಟ್ರ್ಯಾಕ್ಟರುಗಳ ಮೈಗೆ ಬಿಳಿ ಬಳಿದು, ಬಾನೆಟ್ಟು ಮತ್ತು ಸೀಟುಗಳನ್ನು ಹಳದಿ, ಕೆಂಪು, ಕಿತ್ತಳೆ, ನೀಲಿ ಎಂಬ ನಾಲ್ಕು ಬಣ್ಣಗಳಲ್ಲಿ ಮಾರಿತು. ಮನೆಯ ಅಂಗಳದ ಕುರ್ಚಿ ಮೇಜುಗಳಿಗೆ ಒಪ್ಪುವ ಟ್ರ್ಯಾಕ್ಟರು ಎಂಬುದು ಕಲ್ಪನೆಯಾಗಿದ್ದುದರಿಂದ ಅವುಗಳಿಗೆ ಪ್ಯಾಟಿಯೋ ಸರಣಿ ಎಂಬ ಹೆಸರು ಬಂದಿತು. ಪ್ಯಾಟಿಯೋ ಎಂದರೆ ಮನೆಗೆ ಹೊಂದಿಕೊಂಡ, ಕಲ್ಲುಹಾಸಿನ ತೆರೆದ ಅಂಗಳ. ಗ್ರಾಹಕರಿಗೆ ಹಸಿರೇ ಬೇಕಾಗಿತ್ತು, ಸರಣಿ ಮೂರು ವರ್ಷಕ್ಕೆ ನಿಂತಿತು. ಅಂದು ಬೇಡವಾದ ಆ ಬಣ್ಣಗಳಿಗಾಗಿ ಇಂದಿನ ಸಂಗ್ರಾಹಕರು ಹುಡುಕಾಡುತ್ತಾರೆ.

ಒಡೆಯರು ತಾವಾಗಿಯೇ ಮಾಡಿಕೊಳ್ಳುವ ಮಾರ್ಪಾಡುಗಳಲ್ಲಿ ಹೆಚ್ಚಿನವು ದಿನನಿತ್ಯದ ಅಗತ್ಯದಿಂದಲೇ ಹುಟ್ಟಿದವು. ಹಿಮ ತಳ್ಳುವಾಗ ಹಿಂಗಾಲಿ ಜಾರದಿರಲೆಂದು ಬಕೆಟ್ಟಿನಲ್ಲಿ ಕಾಂಕ್ರೀಟು ಎರಕ ಹೊಯ್ದು ಚಕ್ರಕ್ಕೆ ಬಿಗಿಯುವ ತೂಕದ ಬಿಲ್ಲೆ, ನೀರು ತುಂಬಿದರೆ ಹೆಪ್ಪುಗಟ್ಟುತ್ತದೆಂದು ಟೈರಿನೊಳಗೆ ತುಂಬುವ ಬೀಟ್‌ರೂಟ್ ಜಾತಿಯ ಸಕ್ಕರೆ ಗೆಡ್ಡೆಯ ರಸ, ಒಂದು ಕೈಯಿಂದಲೇ ತಿರುಗಿಸಲು ಸ್ಟೀರಿಂಗಿಗೆ ಕೂಡಿಸುವ ಗುಂಡು ಹಿಡಿ, ಬಿಲಿಯರ್ಡ್ಸ್ ಚೆಂಡನ್ನು ಕೊರೆದು ಗೇರುಕಡ್ಡಿಯ ತುದಿಗೆ ತಿರುಪಿದ ಹಿಡಿಕೆ: ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಎಲ್ಲಕ್ಕೂ ಕೆಲಸದ ಸಮರ್ಥನೆಯುಂಟು, ಆ ಕೊನೆಯದಕ್ಕೆ ಸಮರ್ಥನೆ ಕೇಳುವುದೂ ಅರಸಿಕತೆಯೇ. ಕಣ್ಣು ಮಂದವಾಗಿ ವಾಹನ ಪರವಾನಗಿ ಇಲ್ಲದಿದ್ದ 73 ವರ್ಷದ ಆಲ್ವಿನ್ ಸ್ಟ್ರೇಟ್ ಎಂಬಾತ 1994ರಲ್ಲಿ, ಪಾರ್ಶ್ವವಾಯುವಿಗೆ ತುತ್ತಾಗಿದ್ದ ಅಣ್ಣನನ್ನು ಕಾಣಲು, 1966ರ ಜಾನ್ ಡೀರ್ ಯಂತ್ರದ ಹಿಂದೆ ಟ್ರೇಲರ್ ಕಟ್ಟಿಕೊಂಡು ಅಯೋವಾದಿಂದ ವಿಸ್ಕಾನ್ಸಿನ್‌ಗೆ ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಸುಮಾರು 390 ಕಿಲೋಮೀಟರ್ ಸಾಗಿದ. ಡೇವಿಡ್ ಲಿಂಚ್ 1999ರಲ್ಲಿ ಇದನ್ನೇ ಚಲನಚಿತ್ರವಾಗಿಸಿದರು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಆ ಟ್ರೇಲರಿಗಿಂತ ಸ್ವಂತದ್ದಾದ ಜೋಡಣೆಯನ್ನು ಬೇರೆ ಯಾರೂ ಮಾಡಿರಲಾರರು.

ಆದರೆ ಯಂತ್ರದ ಮೈಯನ್ನು ತಿದ್ದುವುದು ಬೇರೆ, ಅದರ ಉಸಿರನ್ನು ತಿದ್ದುವುದು ಬೇರೆ. ಹೊರೆ ಹೆಚ್ಚಿದಾಗಲೂ ಇಳಿದಾಗಲೂ ಎಂಜಿನಿನ ವೇಗವನ್ನು ಒಂದೇ ಮಟ್ಟದಲ್ಲಿ ಕಾಯುವ ಭಾಗಕ್ಕೆ ಗವರ್ನರ್ ಎಂದು ಹೆಸರು. ಹಳೆಯ ಕೋಲರ್ ಎಂಜಿನುಗಳಲ್ಲಿ ಆ ವೇಗದ ಮಿತಿ ನಿಮಿಷಕ್ಕೆ 3600 ಸುತ್ತು. ಇನ್ನಷ್ಟು ಓಟ ಬೇಕೆಂದು ಗವರ್ನರಿನ ಕಟ್ಟು ಸಡಿಲಿಸಿದರೆ, ಎಂಜಿನಿನ ಸುತ್ತನ್ನು ಸಮವಾಗಿಡುವ ಭಾರದ ಗಾಲಿಯಾದ ಫ್ಲೈವೀಲು ಎರಕದ ಕಬ್ಬಿಣದ್ದಾದ್ದರಿಂದ, ಸೆಳೆತ ತಾಳದೆ ಸಿಡಿಯುವ ಅಪಾಯವಿರುತ್ತದೆ, ಮತ್ತು ಅದು ಇರುವುದು ಸವಾರನ ಮೊಣಕಾಲಿನ ಮಟ್ಟದಲ್ಲಿ. ಭಾರ ಎಳೆಯುವ ಸ್ಪರ್ಧೆಗಳಿಗಾಗಿ ಇಂಥ ಎಂಜಿನುಗಳನ್ನು ಹುರಿಗೊಳಿಸುವವರು ಉಕ್ಕಿನ ಫ್ಲೈವೀಲು, ಅದರ ಸುತ್ತ ಉಕ್ಕಿನ ಕವಚ ಹಾಕುವುದು ಈ ಭಯದಿಂದಲೇ. ಬಾನೆಟ್ಟನ್ನು ಸೀಳಿ ಮೇಲೆದ್ದ ನೆಟ್ಟನೆಯ ಹೊಗೆಕೊಳವೆ ಇಷ್ಟು ಅಪಾಯಕಾರಿಯಲ್ಲ. ಪೆಟ್ರೋಲ್ ಟ್ಯಾಂಕು ಬಾನೆಟ್ಟಿನೊಳಗೇ ಇರುವ ಮಾದರಿಗಳಲ್ಲಿ ಕೊಳವೆಯ ಕಾವಿನ ದಾರಿಯನ್ನು ಮೊದಲೇ ಯೋಚಿಸಿದ್ದರೆ ಸಾಕು, ಸದ್ದಿನ ವಿಷಯ ನೆರೆಯವರಿಗೆ ಬಿಟ್ಟದ್ದು.

ದೀಪಗಳಲ್ಲಿ ಲೆಕ್ಕಾಚಾರ ಇನ್ನೂ ಸರಳ. ಹಳೆಯ ಅನೇಕ ಮಾದರಿಗಳಲ್ಲಿ ಸ್ಟಾರ್ಟರ್-ಜನರೇಟರ್ ಎಂಬ ಒಂದೇ ಸಾಧನ ಮೊದಲು ಬೆಲ್ಟಿನ ಮೂಲಕ ಎಂಜಿನನ್ನು ತಿರುಗಿಸಿ ಚಾಲೂ ಮಾಡುತ್ತದೆ, ಆಮೇಲೆ ಅದೇ ಬೆಲ್ಟಿನಿಂದ ತಾನು ತಿರುಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಅದರ ಉತ್ಪಾದನೆ ಹೆಚ್ಚೆಂದರೆ ಹದಿನೈದು ಆಂಪಿಯರಿನ ಸುತ್ತಮುತ್ತ. ಕಾರಿನ 55 ವಾಟಿನ ಎರಡು ಹ್ಯಾಲೊಜೆನ್ ಬಲ್ಬುಗಳೇ ಒಂಬತ್ತು ಆಂಪಿಯರ್ ನುಂಗಿದರೆ ಬ್ಯಾಟರಿಯ ಪಾಲಿಗೆ ಉಳಿಯುವುದು ಅಲ್ಪ, ಎಂಜಿನು ನಿಧಾನವಾಗಿ ಓಡುವಾಗ ಅದೂ ಇಲ್ಲ. ಅದೇ ಜಾಗದಲ್ಲಿ 18 ವಾಟಿನ ಎರಡು ಎಲ್‌ಇಡಿ ದೀಪಗಳು ಮೂರು ಆಂಪಿಯರಿಗೇ ತೃಪ್ತಿಪಡುತ್ತವೆ. ಹೊಸ ದೀಪಕ್ಕೆ ಪ್ರತ್ಯೇಕ ತಂತಿ, ಬ್ಯಾಟರಿಯ ಸಮೀಪದಲ್ಲೇ ಒಂದು ಫ್ಯೂಸ್ ಹಾಕಿ, ಮೈಗೆ ಹೊಸ ತೂತು ಕೊರೆಯದೆ ಇರುವ ತೂತುಗಳನ್ನೇ ಬಳಸಿ, ಕಳಚಿದ ಹಳೆಯ ದೀಪಗಳನ್ನು ಬೋಲ್ಟುಗಳ ಸಮೇತ ಡಬ್ಬಿಯಲ್ಲಿಟ್ಟರೆ, ನಾಳೆ ಮನಸ್ಸು ಬದಲಾದವರಿಗೂ ಮುಂದೆ ಕೊಳ್ಳುವವರಿಗೂ ದಾರಿ ತೆರೆದೇ ಇರುತ್ತದೆ.

ಬಣ್ಣದ ಕೆಲಸವೇ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ, ಮತ್ತು ಅದರಲ್ಲಿ ಕುಂಚ ಹಿಡಿಯುವ ಹೊತ್ತು ಅತ್ಯಲ್ಪ. ತುಕ್ಕು ತಿಂದ ಸಣ್ಣ ಭಾಗಗಳನ್ನು ವಾಷಿಂಗ್ ಸೋಡಾ ಕದಡಿದ ನೀರಿನ ಪ್ಲಾಸ್ಟಿಕ್ ತೊಟ್ಟಿಯಲ್ಲಿ ತೂಗುಹಾಕಿ, ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ಆ ಭಾಗಕ್ಕೂ ಧನ ತುದಿಯನ್ನು ಒಂದು ಬೇಡದ ಕಬ್ಬಿಣದ ಪಟ್ಟಿಗೂ ಕೊಟ್ಟರೆ, ರಾತ್ರಿ ಕಳೆಯುವುದರೊಳಗೆ ತುಕ್ಕು ಕರಿಯ ಕೆಸರಾಗಿ ಸಡಿಲಗೊಂಡು ತಿಕ್ಕಿದರೆ ಉದುರುತ್ತದೆ. ಈ ವಿಧಾನಕ್ಕೆ ವಿದ್ಯುದ್ವಿಭಜನೆ ಎಂದು ಹೆಸರು. ಆ ಪಟ್ಟಿ ಸ್ಟೇನ್‌ಲೆಸ್ ಸ್ಟೀಲಿನದಾದರೆ ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಬೆರೆಯುತ್ತದೆ, ಗುಳ್ಳೆಗಳಾಗಿ ಏಳುವ ಹೈಡ್ರೋಜನ್ ಅನಿಲಕ್ಕೆ ಕಿಡಿ ತಾಗಬಾರದು, ಹೀಗಾಗಿ ತೊಟ್ಟಿಯ ಜಾಗ ಗಾಳಿಯಾಡುವ ಬಯಲು. ಬಾನೆಟ್ಟಿನಂತಹ ದೊಡ್ಡ ತಗಡನ್ನು ಮಾತ್ರ ಉಜ್ಜುಕಾಗದದಿಂದಲೇ ತಿಕ್ಕಬೇಕಾಗುತ್ತದೆ, ಅದೂ ನೀರು ಹನಿಸಿಕೊಂಡು, ಮುಖಕವಚ ಹಾಕಿಕೊಂಡು, ಏಕೆಂದರೆ ಆ ಕಾಲದ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯುಂಟು. ತಗಡು ಬರಿಗೊಂಡ ದಿನವೇ ಪ್ರೈಮರ್, ಅಂದರೆ ಬಣ್ಣ ಹಿಡಿಸುವ ಅಡಿಲೇಪ, ಬಳಿಯದಿದ್ದರೆ ಮರುದಿನ ಬೆಳಗ್ಗೆ ತುಕ್ಕಿನ ಕಂದು ಧೂಳು ಮತ್ತೆ ಕೂತಿರುತ್ತದೆ. ಮೇಲೆ ಯಾವ ಬಣ್ಣ ಎಂಬುದು ಒಡೆಯನಿಗೆ ಬಿಟ್ಟ ವಿಷಯ. ಆದರೆ 1969ರಿಂದ 1971ರ ನಡುವಿನ ಜಾನ್ ಡೀರ್ ಯಂತ್ರವನ್ನು ಉಜ್ಜುವಾಗ, ಮಡ್‌ಗಾರ್ಡಿನ ಅಂಚಿನಲ್ಲಿ ಹಸಿರಿನ ಪದರದ ಕೆಳಗಿನಿಂದ ಬಿಳಿ ಬಣ್ಣ ಇಣುಕಿದರೆ, ಅದು ಪ್ರೈಮರ್ ಇದ್ದೀತೆಂದು ಮುಂದುವರಿಯದೆ, ಕಾಗದವನ್ನು ಕೆಳಗಿಟ್ಟು ಸೀಟಿನಡಿಯ ಮೂಲೆಗಳನ್ನು ಟಾರ್ಚು ಹಿಡಿದು ನೋಡುವುದು ಲೇಸು.