ಜಪಾನ್ ಸೆಕೆಂಡ್ ಹ್ಯಾಂಡ್ ಕಾರು ಕೋಲಾರಕ್ಕೆ ಬರುತ್ತಾ? ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ತಿಳಿದುಕೊಳ್ಳಿ

ಕೋಲಾರ: ‘ಜಪಾನಿನಲ್ಲಿ ಓಡಿದ ಕಾರು, ಹೊಸದರಂತಿದೆ, ಬೆಲೆ ಎರಡು ಮೂರು ಲಕ್ಷ ಅಷ್ಟೆ’ ಅನ್ನೋ ವಿಡಿಯೋಗಳು ಮೊಬೈಲ್‌ಗಳಲ್ಲಿ ಓಡಾಡುತ್ತಲೇ ಇರುತ್ತವೆ. ಇದನ್ನು ನೋಡಿ ‘ನಮಗೂ ಒಂದು ತರಿಸಿಕೊಡ್ತೀರಾ’ ಅಂತ ಬ್ರೋಕರ್‌ಗಳನ್ನು ಕೇಳೋರು ಇದ್ದಾರೆ. ಅಡ್ವಾನ್ಸ್ ಹಾಕೋ ಮುಂಚೆ ಕಾನೂನು ಏನು ಹೇಳುತ್ತೆ, ನಮ್ಮ ಕಡೆ ನಿಜವಾಗಿ ಸಿಗೋದು ಯಾವ ಕಾರು ಅನ್ನೋದನ್ನು ತಿಳಿದುಕೊಳ್ಳೋದು ಒಳ್ಳೇದು.

ವಿಡಿಯೋ ಸುಳ್ಳಲ್ಲ, ಆದರೆ ನಮಗಲ್ಲ

ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಸರ್ಕಾರಿ ತಪಾಸಣೆ ಕಡ್ಡಾಯ. ಅದರ ಖರ್ಚು ಜಾಸ್ತಿ. ಹಾಗಾಗಿ ಚೆನ್ನಾಗಿರೋ ಕಾರುಗಳನ್ನೇ ಜನ ಹರಾಜಿಗೆ ಬಿಡುತ್ತಾರೆ. ಅವು ಹಡಗು ಹತ್ತಿ ಕೀನ್ಯಾ, ಪಾಕಿಸ್ತಾನ, ಶ್ರೀಲಂಕಾ, ನ್ಯೂಜಿಲೆಂಡ್ ಕಡೆ ಹೋಗುತ್ತವೆ. ಅಲ್ಲೂ ನಮ್ಮಂತೆ ಸ್ಟೇರಿಂಗ್ ಬಲಕ್ಕೇ ಇರೋದರಿಂದ ಜಪಾನ್ ಕಾರು ಹಾಗೇ ಒಪ್ಪುತ್ತೆ.

ಭಾರತದಲ್ಲಿ ಹಾಗಿಲ್ಲ. ಹೊರದೇಶದ ಹಳೇ ಕಾರು ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು. ಕನಿಷ್ಠ ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡೋ ಸ್ಥಿತಿಯಲ್ಲಿರಬೇಕು. ಹಡಗು ಹತ್ತೋ ಮುಂಚೆ ತಪಾಸಣೆಯ ಸರ್ಟಿಫಿಕೇಟ್ ಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು. ಇಳಿದ ಮೇಲೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಮತ್ತೆ ಪರೀಕ್ಷೆ. ಇದರ ಮೇಲೆ ಸುಂಕ. ಎಲ್ಲ ಸೇರಿದರೆ ಕಾರಿನ ಬೆಲೆ ದುಪ್ಪಟ್ಟು ದಾಟುತ್ತೆ.

ಅಂದರೆ ಹತ್ತು ವರ್ಷ ಹಳೇ ಜಪಾನ್ ಕಾರನ್ನು ಎರಡು ಲಕ್ಷಕ್ಕೆ ಕೋಲಾರದಲ್ಲಿ ನಿಮ್ಮ ಹೆಸರಿಗೆ ರಿಜಿಸ್ಟರ್ ಮಾಡಿಸೋ ದಾರಿಯೇ ಇಲ್ಲ. ‘ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ, ಅರ್ಧ ದುಡ್ಡು ಕಳಿಸಿ ಬಿಡಿಸ್ತೀವಿ’ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡೋದು ಕ್ಷೇಮ.

ನಮ್ಮೂರಿನ ‘ಜಪಾನ್ ಕಾರು’

ನಮ್ಮ ರಸ್ತೆಗಳಲ್ಲಿ ಓಡೋ ಜಪಾನ್ ಕಂಪನಿ ಕಾರುಗಳಲ್ಲಿ ಹೆಚ್ಚಿನವು ಇಲ್ಲೇ ತಯಾರಾದವು. ಸುಜುಕಿ ಜೊತೆ ಸೇರಿ ಬಂದ ಮಾರುತಿ 800 ರಸ್ತೆಗಿಳಿದಿದ್ದು 1983ರ ಡಿಸೆಂಬರ್‌ನಲ್ಲಿ. ಟೊಯೋಟಾ ಕ್ವಾಲಿಸ್ 2000ದಲ್ಲಿ, ಇನ್ನೋವಾ 2005ರಲ್ಲಿ ಬಂದವು. ಎರಡೂ ಬಿಡದಿ ಕಾರ್ಖಾನೆಯವು. ಜಪಾನಿನ ಹೋಂಡಾ ಕಂಪನಿಯ ಬೈಕ್, ಸ್ಕೂಟರ್‌ಗಳು ನಮ್ಮ ನರಸಾಪುರದಲ್ಲೇ ತಯಾರಾಗುತ್ತವೆ.

ಯಾರಾದರೂ ‘ಇದು ಒರಿಜಿನಲ್ ಜಪಾನ್’ ಅಂದರೆ ಚಾಸಿ ನಂಬರ್ ನೋಡಿ. ಭಾರತದಲ್ಲಿ ತಯಾರಾದ ಕಾರಿನ ನಂಬರ್ ‘ಎಂ’ ಅಕ್ಷರದಿಂದ ಶುರುವಾಗುತ್ತೆ. ಮಾರುತಿಗೆ ‘ಎಂಎ3’, ಬಿಡದಿಯ ಟೊಯೋಟಾಗೆ ‘ಎಂಬಿಜೆ’. ಜಪಾನಿನಲ್ಲೇ ತಯಾರಾಗಿ ಇಲ್ಲಿಗೆ ಬಂದಿದ್ದರೆ ‘ಜೆ’ ಇರುತ್ತೆ. ಅಂಥ ಇಂಪೋರ್ಟ್ ಕಾರಿಗೆ 15 ವರ್ಷ ತುಂಬಿದರೆ ರಿಜಿಸ್ಟ್ರೇಷನ್ ನವೀಕರಣದ ಶುಲ್ಕವೇ 40,000 ರೂಪಾಯಿ. ಇಲ್ಲಿ ತಯಾರಾದ ಕಾರಿಗೆ 5,000. 2022ರ ಏಪ್ರಿಲ್‌ನಿಂದ ಈ ದರ ಜಾರಿಗೆ ಬಂದಿದೆ.

ಗಡಿಯಾಚೆ ಕಾರು ಅಗ್ಗ, ಲೆಕ್ಕ ಬೇರೆ

ಮುಳಬಾಗಿಲು, ಶ್ರೀನಿವಾಸಪುರದವರಿಗೆ ಆಂಧ್ರ ಹತ್ತಿರ. ಮಾಲೂರಿನವರಿಗೆ ಹೊಸೂರು ಹತ್ತಿರ. ಹಾಗಾಗಿ ಎಪಿ, ಟಿಎನ್ ನಂಬರ್ ಗಾಡಿ ಅಗ್ಗಕ್ಕೆ ಸಿಕ್ಕರೆ ಕೊಳ್ಳೋರು ಜಾಸ್ತಿ. ದೆಹಲಿ ಗಾಡಿಗಳೂ ಬರುತ್ತವೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇನ್ನೋವಾದಂಥ ಗಾಡಿಗಳು ದಕ್ಷಿಣಕ್ಕೆ ಇಳಿದವು.

ಇಲ್ಲಿ ಜನ ಎಡವೋದು ಟ್ಯಾಕ್ಸ್ ವಿಚಾರದಲ್ಲಿ. ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿದ್ದರೆ ಹೊಸ ನಂಬರ್ ಹಾಕಿಸಲೇಬೇಕು. ಆಗ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅದು ನೀವು ಕೊಟ್ಟ ಬೆಲೆ ಮೇಲಲ್ಲ, ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ಬೀಳುತ್ತೆ. 4 ಲಕ್ಷಕ್ಕೆ ತಂದ ಗಾಡಿ ಹೊಸದಾಗಿದ್ದಾಗ 15 ಲಕ್ಷದ್ದಾಗಿದ್ದರೆ ಲೆಕ್ಕ ಶುರುವಾಗೋದು 15 ಲಕ್ಷದಿಂದ. ಮೊದಲು ಆರ್‌ಟಿಓ ಕಚೇರಿಯಲ್ಲಿ ಟ್ಯಾಕ್ಸ್ ಎಷ್ಟಾಗುತ್ತೆ ಕೇಳಿ, ಅದನ್ನು ಗಾಡಿ ಬೆಲೆಗೆ ಕೂಡಿಸಿ, ಆಮೇಲೆ ಅಗ್ಗವೋ ಅಲ್ಲವೋ ನೋಡಿ.

ಹೆಸರು ಬದಲಾಗದಿದ್ದರೆ ಇಬ್ಬರಿಗೂ ಕಷ್ಟ

ಮಾರೋರು ಫಾರಂ 29, ಕೊಳ್ಳೋರ ಜೊತೆ ಸೇರಿ ಫಾರಂ 30 ಸಹಿ ಮಾಡಬೇಕು. ಹೊರರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಓದಿಂದ ಫಾರಂ 28ರ ಎನ್‌ಓಸಿ ಬೇಕು. ಲೋನ್ ಇದ್ದ ಗಾಡಿಗೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರಂ 35 ಬೇಕು. ಕೊಂಡ 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ತಿಳಿಸಬೇಕು. ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಡ್ಯಾಮೇಜ್‌ಗೆ ಕ್ಲೇಮ್ ಸಿಗೋದು ಕಷ್ಟ.

‘ಖಾಲಿ ಫಾರಂಗೆ ಸಹಿ ಹಾಕಿಕೊಡಿ, ಮಿಕ್ಕಿದ್ದು ನಾವು ನೋಡ್ಕೋತೀವಿ’ ಅನ್ನೋದು ಮಾಮೂಲಿ ಮಾತು. ಆದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಲ್ಲಿ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ಹಲವರ ಕೈ ದಾಟಿತ್ತು. ಆದರೂ ಅಪಘಾತದ ಪರಿಹಾರದ ಹೊಣೆ ಬಂದಿದ್ದು ಆರ್‌ಸಿಯಲ್ಲಿ ಹೆಸರಿದ್ದವರ ಮೇಲೇ. ಅಂಗಡಿಯವರು ಹಳೇ ಓಮ್ನಿ ಮಾರಿ ಸುಮ್ಮನಾದರೆ, ಅದು ನಾಳೆ ಯಾರಿಗೋ ಗುದ್ದಿದಾಗ ಕೋರ್ಟ್ ನೋಟಿಸ್ ಬರೋದು ಅಂಗಡಿ ಬಾಗಿಲಿಗೇ.

ನೋಡೋಕೆ ಹೋದಾಗ

* ಪರಿವಾಹನ್ ವೆಬ್‌ಸೈಟ್‌ನಲ್ಲಿ ಗಾಡಿ ನಂಬರ್ ಹಾಕಿ. ಎಷ್ಟನೇ ಮಾಲೀಕರು, ಲೋನ್ ಇದೆಯಾ, ದಂಡ ಬಾಕಿ ಇದೆಯಾ ನೋಡಿ.
* ಮೀಟರ್ ಒಂದನ್ನೇ ನಂಬಬೇಡಿ. ಕ್ಲಚ್ ಪೆಡಲ್, ಸ್ಟೇರಿಂಗ್, ಡ್ರೈವರ್ ಸೀಟ್ ಸವೆದಿದ್ದು ಮೀಟರ್ 60 ಸಾವಿರ ತೋರಿಸಿದರೆ ಅನುಮಾನ ಪಡಿ. ಸರ್ವೀಸ್ ಹಿಸ್ಟರಿ ಕೇಳಿ.
* ಇನ್ನೋವಾ ಆದರೆ ಮೊದಲು ಟ್ಯಾಕ್ಸಿ ಆಗಿತ್ತಾ, ಹಳದಿ ಬೋರ್ಡಿಂದ ಬಿಳಿ ಬೋರ್ಡಿಗೆ ಬಂದಿದೆಯಾ ವಿಚಾರಿಸಿ.
* ಟಿಎನ್ ಗಾಡಿ ಆದರೆ ನೀರಲ್ಲಿ ಮುಳುಗಿತ್ತಾ ನೋಡಿ. 2015ರ ಮತ್ತು 2023ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ಕಾರುಗಳು ನೀರಲ್ಲೇ ನಿಂತಿದ್ದವು. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಕೊನೆಯಲ್ಲಿ ಕೆಸರಿನ ಕಲೆ ಕಾಣುತ್ತೆ. ಸ್ಟೆಪ್ನಿ ಇಡೋ ಜಾಗ, ಮ್ಯಾಟ್ ಕೆಳಗಡೆ ತುಕ್ಕು ನೋಡಿ.
* ನಿಮಗೆ ಗೊತ್ತಿರೋ ಮೆಕ್ಯಾನಿಕ್‌ನ ಕರೆದುಕೊಂಡು ಹೋಗಿ. ಮಾರೋರು ತೋರಿಸಿದ ಗ್ಯಾರೇಜ್ ಬೇಡ.

ಕೊಂಡ ಮೇಲೆ

ಕೋಲಾರದಲ್ಲಿ ಕಾರನ್ನು ಕೆಡಿಸೋದು ಬೋರ್‌ವೆಲ್ ನೀರು. ಗಡಸು ನೀರನ್ನು ರೇಡಿಯೇಟರ್‌ಗೆ ಹಾಕಿದರೆ ಒಳಗೆ ಸುಣ್ಣದಂತೆ ಕಟ್ಟಿಕೊಳ್ಳುತ್ತೆ, ಇಂಜಿನ್ ಬಿಸಿಯಾಗುತ್ತೆ, ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಹಳೇ ಕಾರು ತಂದ ತಕ್ಷಣ ರೇಡಿಯೇಟರ್ ತೊಳೆಸಿ ಕೂಲೆಂಟ್ ಹಾಕಿಸಿ. ಕೂಲೆಂಟ್‌ಗೆ ನೀರು ಬೆರೆಸಬೇಕಾದರೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಮಾತ್ರ ಬೆರೆಸಿ.

ಹಳೇ 2.5 ಡೀಸೆಲ್ ಇನ್ನೋವಾದಲ್ಲಿ ಇರೋದು ಟೈಮಿಂಗ್ ಬೆಲ್ಟ್. ಅದು ಓಡೋವಾಗ ತುಂಡಾದರೆ ವಾಲ್ವ್‌ಗಳು ಬಾಗಿ ಇಂಜಿನ್ನೇ ಬಿಚ್ಚಬೇಕಾಗುತ್ತೆ. ಹಿಂದಿನವರು ಯಾವಾಗ ಹಾಕಿಸಿದರು ಅನ್ನೋದಕ್ಕೆ ಬಿಲ್ ಇಲ್ಲದಿದ್ದರೆ ಹಾಕಿಸೇ ಇಲ್ಲ ಅಂದುಕೊಂಡು ಬದಲಾಯಿಸಿ. ಕ್ರಿಸ್ಟಾದ 2.4 ಇಂಜಿನ್‌ನಲ್ಲಿ ಚೈನ್ ಇರೋದರಿಂದ ಈ ಚಿಂತೆ ಇಲ್ಲ.

ತೋಟದ ಮಣ್ಣು ರಸ್ತೆಯಲ್ಲಿ ಓಡೋ ಗಾಡಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ. ಸರ್ವೀಸ್‌ಗೆ ಕಾಯದೆ ಮಧ್ಯೆ ಒಮ್ಮೆ ತೆಗೆದು ನೋಡಿ. ಸೀಟ್ ಮಡಚಿ ಟೊಮೆಟೊ ಕ್ರೇಟ್, ಮಾವಿನಕಾಯಿ ತುಂಬಿ ಮಂಡಿಗೆ ಹೋಗೋರು ಗಾಡಿಗೆ ಅದೂ ಒಂದು ಲೋಡು ಅನ್ನೋದನ್ನು ಮರೆಯಬಾರದು. ಹಿಂದಿನ ಶಾಕ್ ಅಬ್ಸಾರ್ಬರ್, ಟೈರ್ ಮೊದಲು ಸವೆಯೋದು ಅದರಿಂದಲೇ. ಬಿಳಿ ಬೋರ್ಡ್ ಗಾಡಿಯಲ್ಲಿ ಬಾಡಿಗೆಗೆ ಮಾಲು ಹೊಡೆಯೋದು ಕಾನೂನಿಗೂ ವಿರುದ್ಧ.

ಅಡ್ವಾನ್ಸ್ ಕೊಡೋದಾದರೆ ಆರ್‌ಸಿಯಲ್ಲಿ ಹೆಸರಿರೋ ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ. ಎನ್‌ಓಸಿ ಕೈಗೆ ಬರೋವರೆಗೂ ಸ್ವಲ್ಪ ಹಣ ಉಳಿಸಿಕೊಳ್ಳಿ, ಅದನ್ನು ಕರಾರು ಪತ್ರದಲ್ಲಿ ಬರೆಸಿ.